ರಾಕ್ ಬೇಸ್ ಕಲಿಯೋಕೆ ರಾಕ್ ಒಂದನ್ನೇ ಕೇಳಬೇಡಿ

ಕೊಡಗಿನಲ್ಲಿ ಗಿಟಾರ್ ಹಿಡಿದ ಹುಡುಗರಿಗೇನೂ ಬರ ಇಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಎಲ್ಲಿ ಹೋದರೂ ಒಂದು ಬ್ಯಾಂಡ್ ಸಿಗುತ್ತದೆ. ಬೇಸ್, ಅಂದ್ರೆ ತಗ್ಗಿನ ಸ್ವರದ ದಪ್ಪ ತಂತಿಯ ಗಿಟಾರ್ ನುಡಿಸುವವನು ಮಾತ್ರ ಸಿಗುವುದಿಲ್ಲ. ಸಿಕ್ಕಿದರೂ, ಗಿಟಾರ್ ಸರಿಯಾಗಿ ಬರಲ್ಲ ಅಂತ ಆ ಕಡೆ ತಳ್ಳಿಸಿಕೊಂಡವನಾಗಿರುತ್ತಾನೆ. ಹೋಮ್‌ಸ್ಟೇ ಪ್ರೋಗ್ರಾಮಿಗೆ ದುಡ್ಡು ಕಡಿಮೆ ಬಿತ್ತು ಅಂದ್ರೆ ಮೊದಲು ಕೈಬಿಡೋದೂ ಅವನನ್ನೇ.

ಹುಡುಗರನ್ನು ಬೈದೂ ಪ್ರಯೋಜನ ಇಲ್ಲ. ಅವರು ಹಾಡು ಕೇಳೋದೇ ಮೊಬೈಲ್ ಸ್ಪೀಕರಿನಲ್ಲಿ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತು ಆ ಪುಟ್ಟ ಸ್ಪೀಕರಿಗೆ ಎಲ್ಲಿಂದ ಬರಬೇಕು? ಕಿವಿಗೇ ಬೀಳದ್ದನ್ನು ಇಷ್ಟಪಡು ಅಂದ್ರೆ ಯಾರು ತಾನೇ ಇಷ್ಟಪಡ್ತಾರೆ.

ಕೇಳೋ ಹುಡುಗರಿಗೆ ನಾನು ಯಾವಾಗಲೂ ಹೇಳುವ ಹೆಸರು ಜಾನ್ ಪಾಲ್ ಜೋನ್ಸ್. ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪೆಲಿನ್‌ನಲ್ಲಿ ಬೇಸ್ ನುಡಿಸಿದವನು. ಪೋಸ್ಟರಿನಲ್ಲಿ ಯಾರ ಕಣ್ಣೂ ಮೊದಲು ಇವನ ಮೇಲೆ ಬೀಳಲ್ಲ, ಅದು ಬೇರೆ ಮಾತು. 1946ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಹುಟ್ಟಿದ. ಅಪ್ಪ ಡ್ಯಾನ್ಸ್ ಬ್ಯಾಂಡುಗಳಲ್ಲಿ ಪಿಯಾನೋ ನುಡಿಸುತ್ತಿದ್ದರು. ಹುಡುಗ 14ನೇ ವಯಸ್ಸಿಗೇ ಊರಿನ ಚರ್ಚಿನಲ್ಲಿ ಆರ್ಗನ್ ಮುಂದೆ ಕೂತಿದ್ದ. ಆಮೇಲೆ ಲಂಡನ್ನಿನ ಸ್ಟುಡಿಯೋಗಳಲ್ಲಿ ಯಾರ್‍ಯಾರದೋ ಹಾಡಿಗೆ ಬೇಸ್, ಯಾರ್‍ಯಾರದೋ ಹಾಡಿಗೆ ಪಿಟೀಲಿನ ಸ್ವರ ಬರೆದುಕೊಡುವ ಕೆಲಸ. 1968ರಲ್ಲಿ ಹೆಂಡತಿ ಒತ್ತಾಯ ಮಾಡಿದ ಮೇಲೆ, ಹೊಸ ಬ್ಯಾಂಡ್ ಕಟ್ಟುತ್ತಿದ್ದ ಗಿಟಾರ್ ವಾದಕ ಜಿಮ್ಮಿ ಪೇಜ್‌ನನ್ನು ಸಂಪರ್ಕಿಸಿದ. ಆ ಬ್ಯಾಂಡೇ ಲೆಡ್ ಝೆಪೆಲಿನ್.

ಇದರಲ್ಲಿ ರಾಕ್ ಎಲ್ಲಿದೆ ಹೇಳಿ? ಅವನು ತಲೆಯೊಳಗೆ ತುಂಬಿಕೊಂಡಿದ್ದು ಬೇಸ್ ವಾದಕ ಚಾರ್ಲ್ಸ್ ಮಿಂಗಸ್‌ನ ಜಾಝ್, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಡ್ಯಾನ್ಸ್ ಹಾಡುಗಳು. ಮೋಟೌನ್ ಹಾಡುಗಳ ಕೆಳಗೆ ಬೇಸ್ ಹಿಡಿದು ಓಡಾಡುತ್ತಿದ್ದವನು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳು ಒಂದರಲ್ಲೇ ತಂತಿ ಮೀಟುತ್ತಿದ್ದ ಮಹಾರಾಯ. ಅದಕ್ಕೇ ಆ ಬೆರಳಿಗೆ ‘ಕೊಕ್ಕೆ’ ಅಂತ ಹೆಸರು ಬಿದ್ದಿತ್ತು. ತಂತಿ ಜಾಸ್ತಿ ಹೊತ್ತು ಗುಂಯ್‌ಗುಡದಿರಲಿ ಅಂತ ಅದರ ಅಡಿ ಒಂದು ತುಂಡು ಸ್ಪಂಜ್ ತುರುಕಿರುತ್ತಿದ್ದ. ಇಡೀ ಜಗತ್ತು ಅವನ ಬೇಸಿಗೆ ಕುಣಿಯಿತು, ಆದರೆ ಮೋಟೌನ್ ಆಲ್ಬಮ್ಮಿನ ಮೇಲೆ ಅವನ ಹೆಸರು ಬರಲು 1971 ಆಗಬೇಕಾಯಿತು. ನಮ್ಮಲ್ಲೂ ಮದುವೆಯಲ್ಲಿ ವಾಲಗ ಊದಿದವರ ಹೆಸರು ಯಾರು ಕೇಳ್ತಾರೆ ಬಿಡಿ.

ಚರ್ಚಿನ ಆರ್ಗನ್ ಎಲ್ಲಿ ಕೆಲಸಕ್ಕೆ ಬಂತು ನೋಡಬೇಕಾ? ಲೆಡ್ ಝೆಪೆಲಿನ್‌ನ 1970ರ ಮೂರನೇ ಆಲ್ಬಮ್ಮಿನಲ್ಲಿ ‘ಸಿನ್ಸ್ ಐವ್ ಬೀನ್ ಲವಿಂಗ್ ಯು’ ಅಂತ ನಿಧಾನದ ಹಾಡಿದೆ. ಇಯರ್‌ಫೋನ್ ಹಾಕಿಕೊಂಡು ಕೇಳಿ. ತಳದಲ್ಲಿ ಬರುತ್ತಿರುವುದು ಬೇಸ್ ಗಿಟಾರ್ ಅಲ್ಲ. ಜೋನ್ಸ್ ಎರಡೂ ಕೈಯಲ್ಲಿ ಆರ್ಗನ್ ನುಡಿಸುತ್ತಾ, ಕಾಲಿನಲ್ಲಿ ಅದರ ಪೆಡಲ್ ಒತ್ತಿ ಬೇಸ್ ಕೊಡುತ್ತಿದ್ದಾನೆ. ಡ್ರಮ್ಮಿಗೂ ಹಾಡುವವನಿಗೂ ನಡುವೆ ಜಾಗ ಬಿಟ್ಟು, ಬೇಕಾದಲ್ಲಿ ಮಾತ್ರ ಪಾದ ಇಡುತ್ತಾನೆ. ರೀಲ್ಸ್ ನೋಡಿ ವೇಗ ಕಲಿತವರಿಗೆ ಈ ತಾಳ್ಮೆ ಬರಲ್ಲ. ಕೋಪ ಮಾಡ್ಕೋಬೇಡಿ, ನಿಜ ಹೇಳ್ತಿದ್ದೀನಿ.

ಆದರೆ ಈ ತಾಳ್ಮೆ ಕಲಿಯೋಕೆ ನಮ್ಮ ಹುಡುಗರಿಗೆ ಜಾಗದ ಕೊರತೆ ಇಲ್ಲ ಅನ್ನೋದು ನನ್ನ ವಾದ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಸಮಯದಲ್ಲಿ ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಹಾಡುವಾಗ ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಹಿಡಿದು ಹೇಳುತ್ತಾರೆ. ದುಡಿ ಮಾತ್ರ ಒಂದೇ ನಡಿಗೆಯಲ್ಲಿ ಹೋಗುತ್ತಿರುತ್ತದೆ. ಅವಸರವೂ ಇಲ್ಲ, ಸೋಮಾರಿತನವೂ ಇಲ್ಲ. ವಾಲಗದಲ್ಲೂ ಅಷ್ಟೆ. ಊದುವವರು ಎಲ್ಲೆಲ್ಲೋ ಸುತ್ತಿ ಬಂದರೂ ಕುಣಿಯುವವರ ಕಾಲು ಹೋಗೋದು ಚರ್ಮವಾದ್ಯದ ಹಿಂದೆ. ಡಿಜೆ ಹಾಕಿದ ಮೇಲೂ ಅಜ್ಜಂದಿರು ವಾಲಗಕ್ಕೇ ಎದ್ದು ಬರುವುದನ್ನು ನೋಡಿಲ್ವಾ?

ಜೋನ್ಸ್ ಕೊಡಗಿನಲ್ಲಿ ಹುಟ್ಟಿದ್ದರೆ ಆ ವಾದ್ಯದವರ ಪಕ್ಕದಲ್ಲೇ ಕೂತಿರುತ್ತಿದ್ದ ಅಂತ ನನ್ನ ನಂಬಿಕೆ. ಬ್ಯಾಂಡಿನ ಹುಡುಗರೇ, ಮುಂದಿನ ಮದುವೆಗೆ ಊಟದ ಹೊತ್ತಿಗೆ ಬರಬೇಡಿ, ಬೆಳಿಗ್ಗೆಯೇ ಬನ್ನಿ. ವಾಲಗದವರ ಹತ್ತಿರ ಒಂದು ಕುರ್ಚಿ ಎಳೆದುಕೊಂಡು ಸುಮ್ನೆ ಕೂತ್ಕೊಳ್ಳಿ. ಪಂದಿಕರಿಗೆ ಇಷ್ಟು ಬೇಗ ಬಂದ್ರಾ ಅಂತ ಯಾರಾದ್ರೂ ನಕ್ಕರೆ, ಹೌದು ಅಂದುಬಿಡಿ.