ನೀರು ಕುದಿಸಿದರೆ ಔಷಧಿ ಅಂಶ ಹೋಗುತ್ತದೆಯೇ?

ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧಿಗಳ ಉಳಿಕೆ ಕೊಳಚೆ ನೀರಿನಿಂದ ಕುಡಿಯುವ ನೀರಿಗೂ ಸೇರುತ್ತಿದೆ, ಕುದಿಸಿ ಒಂದು ತುಂಡು ಇದ್ದಿಲು ಹಾಕಿದರೆ ಸಾಕು ಎನ್ನುವ ಸಂದೇಶ ಮತ್ತೆ ಮತ್ತೆ ಬರುತ್ತದೆ. ಮನೆಯವರ ಕಾಳಜಿಯಿಂದಲೇ ಜನ ಕಳಿಸುತ್ತಾರೆ. ಆದರೆ ಉಪಾಯ ಸರಿಯಿಲ್ಲ.

ಕುದಿಸಿದರೆ ರೋಗಾಣು ಸಾಯುತ್ತವೆ. ಕರಗಿದ ಔಷಧಿ ಆವಿಯಾಗುವುದಿಲ್ಲ. ನೀರು ಕಡಿಮೆಯಾದಂತೆ ಪ್ರತಿ ಲೋಟದಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗಬಹುದು.

ಇದ್ದಿಲಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಶುದ್ಧೀಕರಣ ಘಟಕಗಳಲ್ಲಿ ಬಳಸುವುದು ಸಕ್ರಿಯ ಇಂಗಾಲ. ತೆಂಗಿನ ಚಿಪ್ಪಿನಂಥದ್ದನ್ನು ಸುಟ್ಟು, 800 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿ ಮಾಡುತ್ತಾರೆ. ಆಗ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಒಂದೇ ಗ್ರಾಂ ಇಂಗಾಲದ ಒಳಮೈ ಬಿಡಿಸಿ ಹರಡಿದರೆ ಸುಮಾರು 1000 ಚದರ ಮೀಟರ್! ಔಷಧಿಯ ಕಣ ಅಲ್ಲಿ ಅಂಟಿಕೊಳ್ಳುತ್ತದೆ. ಒಲೆಯ ಇದ್ದಿಲಿಗೆ ಅಷ್ಟು ಜಾಗವಿಲ್ಲ. ಎಲ್ಲ ಔಷಧಿಯೂ ಒಂದೇ ಥರ ಅಂಟುವುದಿಲ್ಲ, ಫ್ಲೋರೋಯುರಾಸಿಲ್‌ ಎಂಬ ಕೀಮೋ ಔಷಧಿಯಂಥ ನೀರನ್ನು ಇಷ್ಟಪಡುವ ಪುಟ್ಟ ಕಣಗಳನ್ನು ಹಿಡಿಯುವುದು ಕಷ್ಟ. ರಂಧ್ರ ತುಂಬಿದ ಮೇಲೆ ಇಂಗಾಲ ಬದಲಿಸಲೇಬೇಕು.

ನೀವೇ ನೋಡಬಹುದು. ಎರಡು ಲೋಟ ನೀರಿಗೆ ಒಂದೊಂದು ಹನಿ ಅಡುಗೆ ಬಣ್ಣ ಹಾಕಿ. ಒಂದಕ್ಕೆ ಒಲೆಯ ಇದ್ದಿಲು, ಇನ್ನೊಂದಕ್ಕೆ ಅಕ್ವೇರಿಯಂ ಅಂಗಡಿಯ ಸಕ್ರಿಯ ಇಂಗಾಲ. ರಾತ್ರಿಯಿಡೀ ಬಿಡಿ. ವ್ಯತ್ಯಾಸ ಕಾಣುತ್ತದೆ. ಆದರೆ ನೀರು ತಿಳಿಯಾದರೆ ಔಷಧಿ ಹೋಯಿತು ಅಂತಲ್ಲ, ಅಷ್ಟು ಕಡಿಮೆ ಪ್ರಮಾಣದಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ ಅಲ್ವಾ? ಆ ನೀರು ಕುಡಿಯಬೇಡಿ.

ಇಂಥ ಸಂದೇಶ ಬಂದಾಗ ಕೇಳಿ: ಯಾವ ಔಷಧಿ? ಎಷ್ಟು ಇಂಗಾಲ, ಎಷ್ಟು ಹೊತ್ತು? ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು?