ಉಜ್ಜಿದರೆ ಹೋಯ್ತು

ಆಯುಧಪೂಜೆಯ ಮಾರನೇ ದಿನ ಸಕಲೇಶಪುರದಿಂದ ಚಿಕ್ಕಪ್ಪ ಒಂದು ಫೋಟೋ ಕಳಿಸಿದರು. ಮೂತಿಯಿಂದ ಮದ್ದು ತುಂಬಿ, ಕೇಪು ಇಟ್ಟು ಹೊಡೆಯುವ ತಾತನ ಕೋವಿ. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ, ಪಕ್ಕದಲ್ಲಿ ಒಡೆದ ಬೂದುಗುಂಬಳ. ಎಲ್ಲ ಸರಿ, ಆದರೆ ಕೋವಿ ಮಾತ್ರ ಸ್ಟೀಲ್ ಲೋಟದ ಹಾಗೆ ಮಿಂಚುತ್ತಿತ್ತು. ಮರಕ್ಕೆ ವಾರ್ನಿಶ್ ಬೇರೆ. "ಹೇಗಿದೆ ನೋಡೋ, ಹೊಸದರ ಹಾಗೆ ಆಗಿದೆ" ಅಂತ ಬರೆದಿದ್ದರು.

ಫೋಟೋ ದೊಡ್ಡದು ಮಾಡಿ ಕುದುರೆಯ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯ, ಪಕ್ಕದ ಕಬ್ಬಿಣದ ತಗಡನ್ನು ನೋಡಿದೆ. ಅಲ್ಲಿ ಒಂದು ಕಿರೀಟ, 'ಟವರ್' ಅನ್ನೋ ಇಂಗ್ಲಿಷ್ ಅಕ್ಷರ, ಒಂದು ಇಸವಿ ಇತ್ತು. ಇಂಗ್ಲಿಷ್ ಕಲಿತ ಹೊಸದರಲ್ಲಿ ಅದನ್ನು ಜೋರಾಗಿ ಓದಿ ತಾತನ ಹತ್ತಿರ ಕಲ್ಲುಸಕ್ಕರೆ ಗಿಟ್ಟಿಸಿದ್ದೆ. ಈಗ ಅಲ್ಲಿ ಏನೂ ಇಲ್ಲ. ಬೋಳು.

ಫೋನ್ ಮಾಡಿದರೆ, "ಎಲೆಕ್ಷನ್ ಟೈಮಲ್ಲಿ ಠಾಣೆಗೆ ಕೊಟ್ಟಿದ್ವಲ್ಲ, ವಾಪಸ್ ಬರುವಾಗ ತುಕ್ಕು ಜಾಸ್ತಿ ಆಗಿತ್ತು. ಎಮರಿ ಪೇಪರ್ ಹಾಕಿ ಉಜ್ಜಿಸಿದೆ" ಅಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು, ನಾನು ಬೈಯಲಿಲ್ಲ.

ನಾನು ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಹದಿನಾಲ್ಕು ವರ್ಷದಿಂದ. ರಾಯಲ್ ಆರ್ಮರೀಸ್ ಅನ್ನೋ ದೊಡ್ಡ ಆಯುಧ ಮ್ಯೂಸಿಯಂ ಇಲ್ಲೇ ಇದೆ, 1996ರಿಂದ. ಮಳೆ ಬಂದ ಭಾನುವಾರ ಹೋಗಿ ಕೂರುವುದಕ್ಕೆ ಒಳ್ಳೆ ಜಾಗ, ಮಳೆ ಯಾವ ಭಾನುವಾರ ಬರಲ್ಲ ಹೇಳಿ. ಹಾಗೆ ಶುರುವಾದ ಹುಚ್ಚು ಈಗ ಹಳೇ ಮಿಲಿಟರಿ ಸಾಮಾನಿನ ಸಂತೆಗಳವರೆಗೂ ಬಂದಿದೆ. ಕೊಳ್ಳುವುದು ಕಡಿಮೆ, ನೋಡುವುದೇ ಜಾಸ್ತಿ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ 'ಡಿ ಪಿ' ಅಂತ ಒತ್ತಿದ್ದ, ಗುಂಡು ಹಾರದ, ಡ್ರಿಲ್ಲಿಗೆ ಮಾತ್ರ ಇಟ್ಟ ತ್ರೀ ನಾಟ್ ತ್ರೀ ರೈಫಲ್ ಹೊತ್ತು ಭುಜ ನೋಯಿಸಿಕೊಂಡಿದ್ದೆ. ಆ ನೋವೇ ಇಲ್ಲಿ ಪ್ರೀತಿಯಾಗಿರಬೇಕು.

ಇಲ್ಲಿಯವರು ಹಳೇ ರೈಫಲ್ ನೋಡುವ ರೀತಿಯೇ ಬೇರೆ. ಕೈಗೆ ತಗೊಂಡವರು ಹತ್ತು ನಿಮಿಷ ಮಾತಾಡಲ್ಲ. ಮೊದಲು ನೋಡುವುದು ಸ್ಕ್ರೂ ತಲೆ. ಸೀಳು ಕಿತ್ತುಹೋಗಿದ್ದರೆ ಯಾರೋ ತಿಳಿಯದವರು ಬಿಚ್ಚಿದ್ದಾರೆ ಅಂತ. ಆಮೇಲೆ ಮರ ಮತ್ತು ಲೋಹ ಸೇರುವ ಅಂಚಿನ ಮೇಲೆ ಉಗುರು ಓಡಿಸುತ್ತಾರೆ. ಕಾರ್ಖಾನೆಯಿಂದ ಬಂದಾಗ ಮರ ಲೋಹಕ್ಕಿಂತ ಒಂದು ಕೂದಲೆಳೆಯಷ್ಟು ಎತ್ತರ ಇರುತ್ತೆ. ಉಗುರು ಮರದಿಂದ ಲೋಹಕ್ಕೆ ಏರಿದರೆ ಮರವನ್ನು ಉಜ್ಜಿದ್ದಾರೆ ಅಂತಲೇ ಅರ್ಥ. ಭುಜಕ್ಕೆ ಒತ್ತುವ ಹಿಂಬದಿ ಮರ, ಬಟ್ ಅಂತಾರೆ, ಅದರ ಬಲಗಡೆ ಒತ್ತಿದ ದುಂಡು ಮುದ್ರೆ ಮಸುಕಾಗಿದ್ದರೂ ಅದೇ ಕಥೆ. ತುಕ್ಕು ತಿಂದ ಗುಳಿಯ ಒಳಗೂ ಕಪ್ಪು ಬಣ್ಣ ಒಂದೇ ಸಮ ಇದ್ದರೆ, ತುಕ್ಕು ಹಿಡಿದ ಮೇಲೆ ಬಣ್ಣ ಹಾಕಿದ್ದಾರೆ. ಲೀ-ಎನ್‌ಫೀಲ್ಡ್, ಅಂದರೆ ಅದೇ ತ್ರೀ ನಾಟ್ ತ್ರೀ, ಆದರೆ ಬೋಲ್ಟು, ಬಾಡಿ, ನಳಿಗೆ, ಮೂತಿಯ ತುಂಡು, ಎಲ್ಲದರ ನಂಬರು ಒಂದೇನಾ ಅಂತ ತಾಳೆ ನೋಡುತ್ತಾರೆ. ಹುಡುಗಿ ಕಡೆಯವರು ಜಾತಕ ನೋಡಿದ ಹಾಗೆ!

ಒಂದು ಸಂತೆಯಲ್ಲಿ ಎರಡು ಮಾರ್ಟಿನಿ-ಹೆನ್ರಿ ರೈಫಲ್ ಪಕ್ಕಪಕ್ಕ ಇದ್ದವು. 1871ರಲ್ಲಿ ಬ್ರಿಟಿಷ್ ಸೇನೆಗೆ ಬಂದ ರೈಫಲ್ ಅದು. ಕೆಳಗಿನ ಲಿವರ್ ಎಳೆದರೆ ಹಿಂಬದಿ ಬಾಯಿ ತೆರೆಯುತ್ತೆ, ಒಂದು ತೋಟೆ ಹಾಕಬೇಕು, ಮುಚ್ಚಬೇಕು, ಹೊಡೆಯಬೇಕು. ಬಾಗಿಲಿನ ಕೆಲಸ ಮಾರ್ಟಿನಿಯದ್ದು, ಗುಂಡನ್ನು ತಿರುಗಿಸಿ ನೇರ ಹಾರಿಸುವ, ನಳಿಗೆಯೊಳಗಿನ ಏಳು ಸುರುಳಿ ಗೀರು ಎಡಿನ್‌ಬರೋದ ಹೆನ್ರಿಯದ್ದು. ಎರಡರ ಮೇಲೂ ಕಾರ್ಖಾನೆಯ ಹೆಸರು, ಇಸವಿ 'ಎನ್‌ಫೀಲ್ಡ್ 1878', ಎರಡೂ ಮಾರ್ಕ್ 2, ಅಂದರೆ ಎರಡನೇ ಮಾದರಿ. ಒಂದಕ್ಕೆ 1300 ಪೌಂಡ್, ಇನ್ನೊಂದಕ್ಕೆ 650.

"ಇದ್ಯಾಕೆ ಅರ್ಧ ಬೆಲೆ?" ಅಂತ ಕೇಳಿದೆ. ಅಂಗಡಿಯ ಮುದುಕ ಬಟ್ ತಿರುಗಿಸಿ ತೋರಿಸಿ, ಯಾರೋ ಅರಬ್ಬಿಯಲ್ಲಿ ಏನೋ ಕೆತ್ತಿಬಿಟ್ಟಿದ್ದಾರೆ, ಹಾಳು ಮಾಡಿದ್ದಾರೆ ಅಂದ. ಅರಬ್ಬಿಯೂ ಅಲ್ಲ, ಏನೂ ಅಲ್ಲ. ನಾಗರಿ ಅಂಕಿ. ಮೂರು, ನಾಲ್ಕು, ಏಳು. ಹೈಸ್ಕೂಲಿನಲ್ಲಿ ಹಿಂದಿ ಪಾಸು ಮಾಡಿದ್ದು ಒಮ್ಮೆಯಾದರೂ ಉಪಯೋಗಕ್ಕೆ ಬಂತು. ನೇಪಾಳದ್ದು ಇರಬೇಕು ಅಂದೆ. ಕಾಠ್ಮಂಡುವಿನ ಹಳೇ ಅರಮನೆಯೊಂದರಲ್ಲಿ ರಾಶಿ ಬಿದ್ದಿದ್ದ ಸಾವಿರಾರು ಬ್ರಿಟಿಷ್ ಕೋವಿಗಳನ್ನು 2003ರ ಸುಮಾರಿಗೆ ಅಮೆರಿಕದ ವ್ಯಾಪಾರಿಗಳು ಸಗಟಾಗಿ ಕೊಂಡರು. ಅಲ್ಲಿಂದ ಅವು ಎಲ್ಲೆಲ್ಲೋ ಹಂಚಿಹೋದವು. ಮುದುಕನಿಗೆ ಖುಷಿಯಾಯಿತು, ಚೀಟಿಯಲ್ಲಿ 'ನೇಪಾಳ' ಅಂತ ಬರೆದುಕೊಂಡ. ಬೆಲೆ ಮಾತ್ರ ತಿದ್ದಲಿಲ್ಲ.

ನನಗೂ ಇವರಿಗೂ ಹೊಂದದೇ ಇರುವುದು ಇಲ್ಲೇ. ಇವರ ಲೆಕ್ಕದಲ್ಲಿ ಅಸಲಿ ಅಂದರೆ ಎನ್‌ಫೀಲ್ಡ್ ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೇ ಇರುವುದು. ಸೇನೆ ಒಪ್ಪಿದ ಪ್ರತಿ ರೈಫಲ್‌ನ ಒಂದು ಮಾದರಿಗೆ ಅರಗಿನ ಮುದ್ರೆ ಹಾಕಿ ಇಡುತ್ತಿದ್ದರು. ತಯಾರಿಸುವವರು ಅದಕ್ಕೆ ತಾಳೆ ಹಾಕಬೇಕಿತ್ತು. ಆ ಅರಗಿನ ಮುದ್ರೆ ಇವರ ತಲೆಯೊಳಗೆ ಇನ್ನೂ ಇದೆ. ಆದರೆ ರೈಫಲ್ ಏನು ಬೀರುವಿನಲ್ಲಿಡುವ ರೇಷ್ಮೆ ಸೀರೆನಾ? ಸೇನೆಯೇ ಅದನ್ನು ಬಿಚ್ಚಿ, ಕೊರೆದು, ಮರ ಬದಲಿಸಿ ಮತ್ತೆ ಮತ್ತೆ ಕೊಡುತ್ತಿತ್ತು. 1866ರಲ್ಲಿ ಬಂದ ಸ್ನೈಡರ್ ಅಂದರೆ, ಮೂತಿಯಿಂದ ಮದ್ದು ತುಂಬುವ ಹಳೇ ಎನ್‌ಫೀಲ್ಡ್‌ನ ಹಿಂಭಾಗ ಕತ್ತರಿಸಿ ಬಾಗಿಲು ಕೂರಿಸಿದ್ದು ಅಷ್ಟೇ. ಅದು ಅಸಲಿ, ನೇಪಾಳದ ಸಿಪಾಯಿಯ ನಂಬರು ಮಾತ್ರ ಹಾಳು ಮಾಡಿದ್ದು! ಅದೇ ಬಟ್ ಮೇಲೆ ಬ್ರಿಟಿಷ್ ರೆಜಿಮೆಂಟಿನ 24 ಅಂತ ಇದ್ದಿದ್ದರೆ? 1879ರ ಜುಲು ಯುದ್ಧದಲ್ಲಿ ಹೆಸರಾದ ರೆಜಿಮೆಂಟು ಅದು. ಬೆಲೆ ಹಾರುತ್ತೆ. ಹಾರುತ್ತೆ ಅಂತ ಗೊತ್ತಿರುವುದರಿಂದಲೇ 24 ಅನ್ನು ಹೊಸದಾಗಿ ಒತ್ತುವ ಕಳ್ಳರೂ ಇದ್ದಾರೆ.

ಕಳ್ಳ ಅಂದಾಗ ನೆನಪಾಯ್ತು. ಪೇಶಾವರದ ಹತ್ತಿರ ದರ್ರಾ ಆದಮ್ ಖೇಲ್‌ನಲ್ಲಿ ಕಮ್ಮಾರರು ಬ್ರಿಟಿಷ್ ರೈಫಲ್‌ಗಳನ್ನು ಕೈಯಿಂದಲೇ ನಕಲು ಮಾಡುತ್ತಾ ಬಂದಿದ್ದಾರೆ. ಕಿರೀಟ, ರಾಣಿಯ ಹೆಸರಿನ ವಿ ಆರ್, ಇಸವಿ, ಎಲ್ಲ ಕೆತ್ತುತ್ತಾರೆ. ಆದರೆ ಇಂಗ್ಲಿಷ್ ಓದಲು ಬಾರದ ಕೈ. 'ಎನ್' ಅಕ್ಷರ ತಿರುಗುಮುರುಗು ಆಗಿರುತ್ತೆ. ರಾಣಿ ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿಯಲ್ಲಿ, ಕೋವಿಯ ಮೇಲೆ ವಿ ಆರ್ ಜೊತೆ 1907 ಅಂತ ಇರುತ್ತೆ. ಇದನ್ನು ಹಿಡಿಯುವುದು ಇಂಗ್ಲಿಷರಿಗಿಂತ ನಮಗೇ ಸುಲಭ. ಕನ್ನಡ ಬಾರದವರು ಬರೆದ ಬೋರ್ಡು ನೋಡಿ ನೋಡಿ ನಮ್ಮ ಕಣ್ಣು ಪಳಗಿದೆ ಅಲ್ವಾ, ಒತ್ತಕ್ಷರ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂತಿರುತ್ತೆ.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲೇ ಇರುವ ವಿರಾಜಪೇಟೆಯ ಗೆಳೆಯನಿಗೆ ಚಿಕ್ಕಪ್ಪನ ಫೋಟೋ ತೋರಿಸಿದೆ. ಅವನು ನಕ್ಕ. "ನಿನಗೆ ಅದು ಪುಸ್ತಕ ಕಣೋ, ನಮಗೆ ಮನೆಮಂದಿ" ಅಂದ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಸೆಪ್ಟೆಂಬರಿನ ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಯ ಮೂತಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹಬ್ಬಕ್ಕೆ ತುಕ್ಕು ಹಿಡಿದ ಕೋವಿ ಇಡಕ್ಕಾಗುತ್ತಾ? ಅವನ ಮಾತೂ ನಿಜ. ಇಂಗ್ಲೆಂಡಿನಲ್ಲಿ ಹಳೇ ರೈಫಲ್ ಗೋಡೆಗೆ ಹೋದ ವಸ್ತು. ತೋಟೆ ಈಗ ಸಿಗದ ಅಳತೆಯದ್ದಾದರೆ, ಮಾರ್ಟಿನಿ-ಹೆನ್ರಿಯದ್ದು ಹಾಗೇ, ಅಲಂಕಾರಕ್ಕೆ ಇಟ್ಟುಕೊಳ್ಳಲು ಲೈಸೆನ್ಸೂ ಬೇಡ. ಹೊಡೆಯಬೇಕು ಅಂದರೆ ಮಾತ್ರ ಬೇಕು. ತ್ರೀ ನಾಟ್ ತ್ರೀ ಆದರೆ ಆ ರಿಯಾಯಿತಿ ಇಲ್ಲ. ನಮ್ಮಲ್ಲಿ ತಾತನ ಕೋವಿ ಲೈಸೆನ್ಸಿನಲ್ಲಿದೆ, ತೋಟದಲ್ಲಿದೆ, ಕೆಲಸ ಮಾಡುತ್ತಿದೆ. ಮಾರುಕಟ್ಟೆಯ ಮಾತೇ ಬರಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು 1972ರ ಕಾಯ್ದೆಯೇ ಬಿಡಲ್ಲ, ಬಿಡಲೂ ಬಾರದು.

ಹಾಗಾದರೆ ಉಜ್ಜಿದ್ದರಿಂದ ನಷ್ಟ ಏನು? ಇದೆ. ತಾತನ ಕೋವಿಯ ನಳಿಗೆ ಒಳಗೆ ನುಣುಪು, ಸುರುಳಿ ಗೀರು ಇಲ್ಲ. ಅದು 1853ರ ಮಾದರಿಯ ಎನ್‌ಫೀಲ್ಡ್, ಮೂರು ಗೀರು ಇರಬೇಕು. ಬೇಟೆಗೆ ಚರೆ ಹಾರಿಸಲಿಕ್ಕೆ ಯಾರೋ ಕೊರೆಸಿ ತೆಗೆಸಿದ್ದಾರೆ ಅಂತ ನಾವೆಲ್ಲ ನಂಬಿದ್ದೆವು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, 1857ರ ದಂಗೆಯ ನಂತರ ಬ್ರಿಟಿಷರು ದೇಶೀ ಸಿಪಾಯಿಗಳಿಗೆ ಬೇಕೆಂದೇ ಗೀರಿಲ್ಲದ ಎನ್‌ಫೀಲ್ಡ್ ಕೊಟ್ಟರು. ನೋಡಲು ಅದೇ ಕೋವಿ, ಆದರೆ ಗುರಿ ದೂರ ಹೋಗಬಾರದು. ಆಮೇಲೂ ಅಷ್ಟೇ, ಗೋರಾಗಳಿಗೆ, ಅಂದರೆ ಬಿಳಿ ಸಿಪಾಯಿಗಳಿಗೆ, ಮಾರ್ಟಿನಿ ಬಂದಾಗ ನಮ್ಮವರಿಗೆ ಸ್ನೈಡರ್, ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ನಮ್ಮವರಿಗೆ ಮಾರ್ಟಿನಿ. ಒಂದು ಹೆಜ್ಜೆ ಹಿಂದೆ. ಆಯುಧ ಕೊಡಲ್ಲ ಅಂದಿದ್ದಕ್ಕೆ 1857ರಲ್ಲಿ ಹಲಗಲಿಯ ಬೇಡರ ಗತಿ ಏನಾಯಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರೇ. ನಾಲ್ಕು ವರ್ಷದೊಳಗೆ ಅದೇ ಸರ್ಕಾರ ಕೊಡವರಿಗೆ ಕೋವಿ ಇಟ್ಟುಕೊಳ್ಳಿ ಅಂತ ವಿನಾಯಿತಿ ಕೊಟ್ಟಿತು. ತಾತನ ಕೋವಿ ಈ ಕಥೆಯ ಯಾವ ಪುಟದ್ದು? ಸಿಪಾಯಿಯ ಕೈಯಲ್ಲಿ ಇದ್ದದ್ದಾ, ಗೋರಾ ಬಿಸಾಕಿದ ರೈಫಲ್ ಕೊರೆಸಿದ್ದಾ? ಆ ತಗಡಿನ ಇಸವಿ ಇದ್ದಿದ್ದರೆ ಒಂದು ಜಾಡಾದರೂ ಸಿಗುತ್ತಿತ್ತು. 18 ನೆನಪಿದೆ, 5 ನೆನಪಿದೆ. ಕೊನೆಯದು 6 ಆಗಿತ್ತಾ, 9 ಆಗಿತ್ತಾ, ಎಷ್ಟು ಕಣ್ಣು ಮುಚ್ಚಿ ಕೂತರೂ ಬರಲ್ಲ.

ಪೂಜೆ ಮಾಡಿ, ಬೇಡ ಅನ್ನಲ್ಲ. ಎಣ್ಣೆ ಹಚ್ಚಿ ಹಳೇ ಪಂಚೆಯಲ್ಲಿ ಒರೆಸಿ. ಎಮರಿ ಪೇಪರ್, ವಾರ್ನಿಶ್ ಮಾತ್ರ ಮುಟ್ಟಬೇಡಿ. ಇಂಗ್ಲಿಷರ ಕಣ್ಣು ಬೇಕು ನನಗೆ, ಅವರ ಬೆಲೆಪಟ್ಟಿ ಬೇಡ.

ಹೋದ ವಾರ ಇನ್ನೊಂದು ಆಸೆ ಹುಟ್ಟಿತು. ಆ ಕಾಲದ ಕೆಲಸಗಾರರು ಲಾಕಿನ, ಅಂದರೆ ಕುದುರೆ ಕೂತ ಆ ತಗಡಿನ, ಒಳಮೈ ಮೇಲೂ, ನಳಿಗೆ ಕೂರುವ ಮರದ ತೋಡಿನಲ್ಲೂ ತಮ್ಮ ಗುರುತು ಒತ್ತುತ್ತಿದ್ದರು. ಅಲ್ಲಿಗೆ ಎಮರಿ ಹೋಗಿರಲಾರದು. ಚಿಕ್ಕಪ್ಪನಿಗೆ ಫೋನ್ ಮಾಡಿ, ಮೊದಲು ನಳಿಗೆಗೆ ಕೋಲು ಇಳಿಸಿ ಈಡು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಕೇಪು ಇಲ್ಲ ಅಂತಲೂ ನೋಡಿ, ಆಮೇಲೆ ಎಡಗಡೆಯ ಎರಡು ಸ್ಕ್ರೂ ನಿಧಾನ ಬಿಚ್ಚಿ ಲಾಕ್ ಹೊರಗೆ ತೆಗೆಯಿರಿ ಅಂದೆ. ಸಂಜೆ ಫೋಟೋ ಬಂತು. ಕಪ್ಪು ಜಿಡ್ಡು, ಅದರ ಅಡಿಯಲ್ಲಿ ಅಕ್ಷರದ ಹಾಗೆ ಏನೋ ಒಂದು ಸಾಲು, ಓದಲು ಆಗುತ್ತಿಲ್ಲ. ಕೆಳಗೆ ಚಿಕ್ಕಪ್ಪನ ಮೆಸೇಜು: "ಒಳಗೂ ತುಂಬಾ ಕೊಳೆ ಇದೆ. ಉಜ್ಜಿಸಿಬಿಡ್ಲಾ?"