ಸುಮ್ಮನೆ ಬಿದ್ದಿರಲು ಬೇಕಾಗುವ ಸಾಮಾನು

ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಗೋಕರ್ಣದಲ್ಲಿ ಇಳಿಯುವವರ ಬಾಯಲ್ಲಿ ಒಂದೇ ಮಾತು: "ಏನೂ ಮಾಡಲ್ಲ, ಎರಡು ದಿನ ಸುಮ್ನೆ ಬಿದ್ಕೊಂಡಿರ್ತೀವಿ." ಬೀಳುವುದಂತೂ ಖಾತ್ರಿ. ಎಲ್ಲಿಂದ ಬೀಳುತ್ತಾರೆ ಎನ್ನುವುದಷ್ಟೇ ಪ್ರಶ್ನೆ.

ಕುಡ್ಲೆ ಬೀಚಿನ ಬದಿಯ ರೆಸಾರ್ಟಿನಲ್ಲಿ ಎರಡು ತೆಂಗಿನ ಮರದ ನಡುವೆ ಜೋಲಿ ಕಟ್ಟಿರುತ್ತಾರೆ. ದೂರದಿಂದ ತೊಟ್ಟಿಲಿನ ಹಾಗೆ ಕಾಣುತ್ತದೆ. ಹತ್ತಲು ಹೋದವರಿಗೇ ಗೊತ್ತು ಅದರ ಗುಣ. ನಮ್ಮವರು ಮಂಚ ಹತ್ತುವ ರೂಢಿಯಲ್ಲಿ ಮೊದಲು ಒಂದು ಮಂಡಿ ಊರುತ್ತಾರೆ. ಮಂಡಿ ಊರಿದ ಕಡೆ ಬಟ್ಟೆ ತಗ್ಗುತ್ತದೆ, ಆಚೆ ಅಂಚು ಎದ್ದು ಬರುತ್ತದೆ. ಮರುಗಳಿಗೆ ಜೋಲಿ ಮೇಲೆ, ಮನುಷ್ಯ ಕೆಳಗೆ, ಬಾಯಲ್ಲಿ ಮರಳು. ಹತ್ತುವ ಕ್ರಮವೇ ಬೇರೆ. ಜೋಲಿಗೆ ಬೆನ್ನು ಹಾಕಿ ನಿಂತು, ಎರಡೂ ಕೈಯಲ್ಲಿ ಬಟ್ಟೆ ಅಗಲಿಸಿ ಹಿಡಿದು, ನಟ್ಟನಡುವೆ ಕೂರಬೇಕು. ಪೂರ್ತಿ ಭಾರ ಬಿಟ್ಟ ಮೇಲೆ ತಲೆ ಅತ್ತ, ಕಾಲು ಇತ್ತ, ಎರಡೂ ಒಟ್ಟಿಗೆ. ಹಗ್ಗದ ನೇರಕ್ಕೇ ಮಲಗಿದರೆ ಬೆನ್ನು ಬಾಳೆಹಣ್ಣಾಗುತ್ತದೆ. ಒಂದಿಷ್ಟು ಓರೆಯಾಗಿ ಮಲಗಿದರೆ ಬಟ್ಟೆ ಚಪ್ಪಟೆಯಾಗಿ ಹರಡಿಕೊಂಡು ನಿದ್ದೆ ಬರುತ್ತದೆ.

"ಜೋತು ಬಿದ್ದಿದೆಯಲ್ಲಪ್ಪಾ, ಸ್ವಲ್ಪ ಬಿಗಿ ಮಾಡು" ಎಂದು ರೂಮ್ ಬಾಯ್‌ಗೆ ಹೇಳುವ ಯಜಮಾನರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬಾರದು. ಹಗ್ಗ ಮಟ್ಟಗೆರೆಯಿಂದ 30 ಡಿಗ್ರಿ ಇಳಿಜಾರಾಗಿದ್ದರೆ 80 ಕೆ.ಜಿ. ಆಸಾಮಿ ಮಲಗಿದಾಗ ಒಂದೊಂದು ಬದಿಯ ಹಗ್ಗದ ಮೇಲೂ 80 ಕೆ.ಜಿ. ಎಳೆತ. ಅದನ್ನೇ 10 ಡಿಗ್ರಿಗೆ ಬಿಗಿದರೆ ಎಳೆತ 230 ಕೆ.ಜಿ. ಬಿಸಿಲು, ಉಪ್ಪುಗಾಳಿ ತಿಂದ ಹಗ್ಗಕ್ಕೆ ಅಷ್ಟು ನಿಯತ್ತು ಇರುವುದಿಲ್ಲ. ಜೋತು ಬಿದ್ದಿರುವುದೇ ಸರಿ. ಕೂತಾಗ ನೆಲದಿಂದ ಮೊಣಕಾಲೆತ್ತರ, ಸುಮಾರು 45 ಸೆಂ.ಮೀ. ಇದ್ದರೆ ಸಾಕು; ಬಿದ್ದರೂ ಮಾನ ಮಾತ್ರ ಹೋಗುತ್ತದೆ.

ಮಲಗುವ ಮೊದಲು ಒಮ್ಮೆ ಮೇಲೆ ನೋಡಿ. ತೆಂಗಿನಕಾಯಿಗೆ ಕಣ್ಣಿದೆ, ತಲೆ ಮೇಲೆ ಬೀಳುವುದಿಲ್ಲ ಅನ್ನುತ್ತಾರೆ. ಆ ಕಣ್ಣು ಇರುವುದು ಸಿಪ್ಪೆಯೊಳಗೆ. ಒಣಗರಿಗಂತೂ ಅದೂ ಇಲ್ಲ.

ಇನ್ನು ಸನ್‌ಸ್ಕ್ರೀನು. ಹೆಸರುಕಾಳಿನಷ್ಟು ಹಿಂಡಿ ಮೂಗಿಗೆ ತೀಡಿಕೊಂಡು "ಹಚ್ಕೊಂಡಾಯ್ತು" ಎನ್ನುವವರೇ ಹೆಚ್ಚು. ದೊಡ್ಡವರ ಮೈ ಪೂರ್ತಿಗೆ ಬೇಕಾಗುವುದು ಸುಮಾರು 30 ಮಿ.ಲೀ. ಅದನ್ನು ಬಿಸಿಲಿಗೆ ಇಳಿಯುವ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ, ನೀರಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಬೇಕು. 50 ಮಿ.ಲೀ. ಟ್ಯೂಬು ಮೂರು ಟ್ರಿಪ್ಪಿಗೆ ಬಂತು ಎಂದು ಹೆಮ್ಮೆಪಡುವ ಮನೆಯಲ್ಲಿ ಮೂರು ಸಲವೂ ಚರ್ಮ ಸುಲಿದಿರುತ್ತದೆ. ಎಲ್ಲರೂ ಮರೆಯುವ ಜಾಗಗಳು ಕಿವಿಯ ತುದಿ, ಮಂಡಿಯ ಹಿಂಭಾಗ, ಪಾದದ ಮೇಲ್ಭಾಗ. ಹವಾಯಿ ಚಪ್ಪಲಿಯ ವಿ ಆಕಾರ ಕಾಲ ಮೇಲೆ ದೀಪಾವಳಿವರೆಗೂ ಉಳಿಯುತ್ತದೆ. ಛತ್ರಿ ಕೆಳಗೆ ಕೂತೆ ಎಂಬ ವಾದ ನಡೆಯದು: ಮೇಲಿಂದ ಬಾರದ ಬಿಸಿಲನ್ನು ಮರಳು ಕೆಳಗಿಂದ ಚಿಮ್ಮಿಸುತ್ತದೆ.

ಚಪ್ಪಲಿ ಎಂದಾಗ ನೆನಪಾಯಿತು. ಹತ್ತು ಗಂಟೆಗೆ ನೀರು ಪೂರ್ತಿ ಇಳಿದಿದ್ದರೆ ನಾಲ್ಕು ದಾಟಿದ ಮೇಲೆ ಪೂರ್ತಿ ಏರಿರುತ್ತದೆ; ಇಳಿತಕ್ಕೂ ಉಬ್ಬರಕ್ಕೂ ಸುಮಾರು ಆರು ಗಂಟೆ ಅಂತರ. ಬೆಳಿಗ್ಗೆ ಗಟ್ಟಿ ಮರಳು ಕಂಡಲ್ಲಿ ಬಿಟ್ಟ ಚಪ್ಪಲಿ ಸಂಜೆಗೆ ಅರಬ್ಬಿ ಸಮುದ್ರದ ಪಾಲು. ನಿನ್ನೆಯ ಸಮಯ ಇವತ್ತಿಗೆ ಬರುವುದಿಲ್ಲ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಲೆಕ್ಕ ಬೇಡದವರು ದಡದಲ್ಲಿ ಒಣಕಡ್ಡಿ, ಚಿಪ್ಪು, ಹಗ್ಗದ ಚೂರುಗಳ ಉದ್ದನೆಯ ಗೆರೆ ಹುಡುಕಲಿ. ಹಿಂದಿನ ಉಬ್ಬರ ತಲುಪಿದ್ದು ಅಲ್ಲಿಗೆ. ಚಪ್ಪಲಿ, ಫೋನು, ಭಾವನ ಕನ್ನಡಕ ಎಲ್ಲವೂ ಆ ಗೆರೆಯಿಂದ ಹತ್ತು ಹೆಜ್ಜೆ ಮೇಲಿರಲಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದರೆ ಇಪ್ಪತ್ತು.

ಕಾಲಿಗಂಟಿದ ಮರಳಿಗೆ ಟಾಲ್ಕಂ ಪೌಡರು ಮದ್ದು. ನೀರು ಸುರಿದಷ್ಟೂ ಮರಳು ಜಾಗ ಬದಲಿಸುತ್ತದೆ ಅಷ್ಟೆ. ಪೌಡರು ಪಸೆ ಹೀರಿಕೊಳ್ಳುವುದರಿಂದ ಕೈಯಿಂದ ಒರೆಸಿದರೆ ಉದುರುತ್ತದೆ.

ಪೌಡರಿಗೂ ಬಗ್ಗದ ಕೇಸು ಒಂದಿದೆ. "ಕಾಲು ಮಾತ್ರ ನೆನೆಸ್ತೀನಿ" ಎಂದು ಜೀನ್ಸ್ ಮಡಚಿ ನೀರಿಗಿಳಿದವರದು. ಮೂರನೇ ಅಲೆ ಸೊಂಟಕ್ಕೆ ಬರುತ್ತದೆ. ಆ ಪ್ಯಾಂಟನ್ನು ಹಾಗೇ ಹಿಂಡಿ ಬಾಲ್ಕನಿಯಲ್ಲಿ ಹರವಿದರೆ ಮಾರನೇ ದಿನವೂ ತಣ್ಣಗೆ, ಅಂಟಂಟಾಗಿರುತ್ತದೆ. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ಬೆವರುವ ಹಾಗೆ. ಸಿಹಿನೀರಲ್ಲಿ ಎರಡು ಸಲ ಜಾಲಿಸಬೇಕಿತ್ತು. ಹನ್ನೊಂದಕ್ಕೆ ರೂಮು ಖಾಲಿ ಮಾಡುವ ಗಡಿಬಿಡಿಯಲ್ಲಿ ಯಾರು ಜಾಲಿಸುತ್ತಾರೆ? ಜೀನ್ಸು ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಎ.ಸಿ. ಸ್ಲೀಪರ್ ಬಸ್ಸು ಹತ್ತುತ್ತದೆ. ಘಟ್ಟ ಏರುವಷ್ಟರಲ್ಲಿ, ಯಾರೋ ಒಣಮೀನು ತಂದಿದ್ದಾರೆಂದು ಪಕ್ಕದ ಬರ್ತಿನವರು ಡ್ರೈವರಿಗೆ ದೂರು ಕೊಡುತ್ತಾರೆ.